ಪುಟ್ಟಿ ಆಟ ಬಿಟ್ಟದ್ದರ ಕುರಿತು ಅಣ್ಣನಿಗೊಂದು ಪತ್ರ

ವಿಯೆನ್ನಾ

ಪ್ರೀತಿಯ ಅಣ್ಣನಿಗೆ ನಿನ್ನ ತಂಗಿಯ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಹದಿಮೂರು ತುಂಬಿದ ಮೇಲೆ ಪುಟ್ಟಿ ಆಟವನ್ನೇ ಬಿಟ್ಟಿದ್ದಾಳೆ, ಸಂಜೆಯಾದರೆ ಮೊಬೈಲ್ ಹಿಡಿದು ಕೋಣೆ ಸೇರುತ್ತಾಳೆ, ಎಷ್ಟು ಬೈದರೂ ಸೋಮಾರಿತನ ಬಿಡುತ್ತಿಲ್ಲ ಎಂದು ನೀನು ಬರೆದಿದ್ದೆ. ಅವಳನ್ನು ಸೋಮಾರಿಯೆಂದು ತೀರ್ಮಾನಿಸುವ ಮೊದಲು, ಮನೆಯಿಂದ ಮೈದಾನದವರೆಗಿನ ದಾರಿಯನ್ನೂ ಆ ಮೈದಾನವನ್ನೂ ಒಮ್ಮೆ ಅವಳ ಜಾಗದಲ್ಲಿ ನಿಂತು ನೋಡು ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇದು ನಮ್ಮ ಮನೆಯೊಂದರ ಚಿಂತೆಯಲ್ಲ. ಈ ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವಂತೆ ಆಡಬೇಕು, ಓಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಸಂಸ್ಥೆಯ 2016ರ ಅಂದಾಜಿನಂತೆ ಜಗತ್ತಿನಾದ್ಯಂತ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಅಷ್ಟು ಮಾಡುವುದಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ. 78, ಹುಡುಗಿಯರಲ್ಲಿ ಶೇ. 85. ಇಷ್ಟೊಂದು ದೇಶಗಳ ಮಕ್ಕಳೆಲ್ಲ ಹುಟ್ಟಾ ಸೋಮಾರಿಗಳಾಗಿರಲು ಸಾಧ್ಯವಿಲ್ಲವಷ್ಟೆ.

ಈ ಊರಿನಲ್ಲಿ ನಡೆದದ್ದನ್ನು ನಿನಗೆ ಹೇಳಲೇಬೇಕು. 1990ರ ದಶಕದಲ್ಲಿ ಇಲ್ಲಿನ ನಗರಾಡಳಿತವು ಉದ್ಯಾನಗಳನ್ನು ಯಾರು ಬಳಸುತ್ತಿದ್ದಾರೆಂದು ಪರಿಶೀಲಿಸಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಅಲ್ಲಿಂದ ಮರೆಯಾಗುತ್ತಿರುವುದು, ಅದೇ ವಯಸ್ಸಿನ ಹುಡುಗರು ಮಾತ್ರ ಉಳಿಯುತ್ತಿರುವುದು ಕಂಡುಬಂತು. ಯಾರೂ ಹುಡುಗಿಯರನ್ನು ಬರಬೇಡಿ ಎಂದಿರಲಿಲ್ಲ. ಚೆಂಡಾಟದ ಅಂಕಣಗಳ ಸುತ್ತ ಎತ್ತರದ ತಂತಿಬೇಲಿ, ಒಳಹೋಗಲು ಒಂದೇ ಕಿರಿದಾದ ಬಾಗಿಲು. ಅಂತಹ ಅಂಕಣಗಳು ಈಗಲೂ ಅಲ್ಲಲ್ಲಿ ಉಳಿದಿವೆ. ನಮ್ಮ ಮನೆಯ ಹತ್ತಿರದ್ದರಲ್ಲಿ ಸಂಜೆಯ ಹೊತ್ತು ದೊಡ್ಡ ಹುಡುಗರು ಸೈಕಲ್ಲುಗಳನ್ನು ಬಾಗಿಲಿಗೇ ಒರಗಿಸಿ ಹರಟುತ್ತಿರುತ್ತಾರೆ. ಮೊನ್ನೆ ಇಬ್ಬರು ಹುಡುಗಿಯರು ಚೆಂಡು ಹಿಡಿದು ಬಂದು, ಬೇಲಿಯ ಹೊರಗೆ ಸ್ವಲ್ಪ ಹೊತ್ತು ಅದನ್ನು ಪುಟಿಸುತ್ತಾ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಯಾರೂ ಒಂದು ಮಾತೂ ಆಡಲಿಲ್ಲ. ಅವರ ಮನೆಯಲ್ಲಿ ಅವರಿಗೂ ಆಟದಲ್ಲಿ ಆಸಕ್ತಿಯಿಲ್ಲ ಎಂದೇ ಹೇಳುತ್ತಿರಬಹುದು.

1999ರ ಸುಮಾರಿಗೆ ಇಲ್ಲಿನ ಐದನೆಯ ಜಿಲ್ಲೆಯಲ್ಲಿ ಐನ್‌ಸೀಡ್ಲರ್ ಪಾರ್ಕ್ ಸೇರಿದಂತೆ ಎರಡು ಉದ್ಯಾನಗಳನ್ನು ಮಾರ್ಪಡಿಸಲು ಕೈಹಾಕಿದರು. ಒಂದೇ ಗುಂಪು ಇಡೀ ಬಯಲನ್ನು ಆಕ್ರಮಿಸಿಕೊಳ್ಳದಂತೆ ಗಿಡಮರಗಳಿಂದ ಅದನ್ನು ಸಣ್ಣ ಸಣ್ಣ ಜಾಗಗಳಾಗಿ ವಿಂಗಡಿಸಿದರು, ಕಾಲುದಾರಿಗಳನ್ನು ಸೇರಿಸಿದರು, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್‌ಗೆ ಅಂಕಣ ಮಾಡಿದರು. ಯಾರಿಗೂ ಉಪದೇಶ ಮಾಡಲಿಲ್ಲ. ಹುಡುಗಿಯರು ತಾವಾಗಿಯೇ ಮರಳಿ ಬಂದರು. ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ.

ಮೈದಾನವಿದ್ದ ಮಾತ್ರಕ್ಕೆ ಸಾಲದು ಎಂಬುದೂ ಅಷ್ಟೇ ನಿಜ. ನಡುವೆ ವಾಹನಗಳು ಎಡೆಬಿಡದೆ ಓಡುವ ಒಂದು ರಸ್ತೆಯಿದ್ದರೆ, ಹತ್ತಿರದ ಮೈದಾನವೂ ಮಗುವಿನ ಪಾಲಿಗೆ ದೂರವೇ. ಹಿಂದಿರುಗುವ ಹೊತ್ತಿಗೆ ದಾರಿಯಲ್ಲಿ ದೀಪವಿಲ್ಲದಿದ್ದರೆ ತಾಯಿ ಕಳುಹಿಸುವುದಿಲ್ಲ, ಕಳುಹಿಸಿದರೂ ಕತ್ತಲಾಗುವ ಮೊದಲೇ ಬಾ ಎನ್ನುತ್ತಾಳೆ. ಶಾಲೆ, ಪಾಠ ಮುಗಿಯುವಷ್ಟರಲ್ಲೇ ಕತ್ತಲಾಗಿರುತ್ತದೆ. ಅತ್ತಿಗೆಯ ಭಯವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಆಡುವ ಮಕ್ಕಳೂ ನಡೆದಾಡುವ ಹಿರಿಯರೂ ಇರುವ ಬೀದಿಯಲ್ಲಿ ಭಯ ಕಡಿಮೆ, ಎಲ್ಲರೂ ಮಕ್ಕಳನ್ನು ಒಳಗೆ ಕರೆದುಕೊಂಡ ಬೀದಿಯಲ್ಲಿ ಹೆಚ್ಚು ಎಂಬುದನ್ನು ಅವರೂ ಬಲ್ಲರು. ಇನ್ನು ಈ ವಯಸ್ಸಿನವರಿಗೆಂದು ನಾವು ಜಾಗವನ್ನಾದರೂ ಎಲ್ಲಿ ಇಡುತ್ತೇವೆ? ಚಿಕ್ಕ ಮಕ್ಕಳಿಗೆ ಉಯ್ಯಾಲೆ, ಹಿರಿಯರಿಗೆ ಬೆಂಚು; ಇವರು ಚೆಂಡು ತಂದರೆ ಗಲಾಟೆ ಎಂದು ಗದರಿಸುತ್ತೇವೆ. ಈ ಅನ್ಯಾಯ ಹುಡುಗರಿಗೂ ಆಗುತ್ತಿದೆ.

ಆದ್ದರಿಂದ ಒಂದು ಸಂಜೆ, ಅವಳು ಸಾಮಾನ್ಯವಾಗಿ ಬಿಡುವಾಗುವ ಹೊತ್ತಿಗೇ, ಅವಳೊಂದಿಗೆ ಮೈದಾನದವರೆಗೆ ನಡೆದು ಹೋಗು. ಎಲ್ಲಿ ರಸ್ತೆ ದಾಟಬೇಕು, ಬಾಗಿಲ ಬಳಿ ಯಾರು ನಿಂತಿರುತ್ತಾರೆ, ಅವಳ ವಯಸ್ಸಿನ ಇನ್ನೊಬ್ಬ ಹುಡುಗಿ ಅಲ್ಲಿದ್ದಾಳೆಯೇ, ಕುಡಿಯುವ ನೀರು ಮತ್ತು ಶೌಚಾಲಯ ಇವೆಯೇ ಎಂದು ಗಮನಿಸು. ಜೊತೆಗೆ ಒಬ್ಬ ಗೆಳತಿಯಿದ್ದರೆ ಅರ್ಧ ಕೆಲಸ ಆದಂತೆಯೇ; ಹಾಗಾಗಿ ಅಕ್ಕಪಕ್ಕದ ಮನೆಗಳಲ್ಲಿಯೂ ಮಾತನಾಡು. ಶಾಲೆಯ ಮೈದಾನವನ್ನು ಸಂಜೆ ಒಂದು ಗಂಟೆ ತೆರೆದಿಡುವಂತೆ ನೀವು ನಾಲ್ಕು ಮನೆಯವರು ಸೇರಿ ಕೇಳಿದರೆ ಮುಖ್ಯೋಪಾಧ್ಯಾಯರು ಸುಲಭವಾಗಿ ಇಲ್ಲವೆನ್ನಲಾರರು.

ಅವಳಿಗೆ ಯಾವ ಆಟ ಬೇಕು ಎಂಬುದನ್ನು ಮಾತ್ರ ನೀವು ನಿರ್ಧರಿಸಬೇಡಿ, ಅವಳನ್ನೇ ಕೇಳಿ. ಅವಳು ಹೇಳಿದ್ದನ್ನು ಮುಂದಿನ ಪತ್ರದಲ್ಲಿ ಇದ್ದದ್ದು ಇದ್ದಂತೆ ಬರೆ.

ಅಮ್ಮನಿಗೂ ಅತ್ತಿಗೆಗೂ ನನ್ನ ನಮಸ್ಕಾರ, ಪುಟ್ಟಿಗೆ ಆಶೀರ್ವಾದ.

ಇತಿ,
ನಿನ್ನ ತಂಗಿ