ಗೆಳೆಯನಿಗೊಂದು ಪತ್ರ: ಸ್ಯಾಂಡ್‌ರಾಕ್ ಆಡಬೇಕೇ, ಬೇಡವೇ?

ಪ್ರಿಯ ಮಂಜುನಾಥ,

ನಮಸ್ಕಾರ. ‘ಮೈ ಟೈಮ್ ಅಟ್ ಪೋರ್ಶಿಯಾ’ ಎಂಬ, ವರ್ಕ್‌ಶಾಪ್ ನಡೆಸಿ ಊರು ಕಟ್ಟುವ ವಿಡಿಯೊ ಗೇಮನ್ನು ಅಷ್ಟು ಪ್ರೀತಿಯಿಂದ ಆಡಿ ಮುಗಿಸಿದ ನೀನು, ಅದರ ಮುಂದಿನ ಆಟವಾದ ‘ಮೈ ಟೈಮ್ ಅಟ್ ಸ್ಯಾಂಡ್‌ರಾಕ್’ ಕೊಳ್ಳಲು ತಕ್ಕದ್ದೇ ಅಥವಾ ಹಳೆಯದಕ್ಕೇ ಹೊಸ ಬಣ್ಣ ಬಳಿದಿದ್ದಾರೆಯೇ ಎಂದು ಕೇಳಿದ್ದೆ. ಫೋನಿನಲ್ಲಿ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಅನುಮಾನ ಇನ್ನೂ ಹಲವರಿಗೆ ಇರುವುದರಿಂದ ವಿವರವಾಗಿ ಬರೆದು, ಎಲ್ಲರೂ ಓದುವಂತೆ ಇಲ್ಲಿ ಹಾಕುತ್ತಿದ್ದೇನೆ. ನನ್ನ ಉತ್ತರ ಇಷ್ಟು: ಖಂಡಿತ ಆಡು. ಪೋರ್ಶಿಯಾದಲ್ಲಿ ದುಡಿಮೆ ಇತ್ತು, ಆದರೆ ಆ ದುಡಿಮೆಗೆ ತಗಲುವ ಬೆಲೆ ನಮ್ಮ ಗಮನಕ್ಕೇ ಬರುತ್ತಿರಲಿಲ್ಲ. ಸ್ಯಾಂಡ್‌ರಾಕ್ ಆ ಬೆಲೆಯನ್ನು ಆಟದ ನಡುಮಧ್ಯಕ್ಕೆ ತಂದಿಟ್ಟಿದೆ. ಈ ಒಂದು ಬದಲಾವಣೆಯಿಂದಲೇ ಅದು ಬೇರೆಯೇ ಆಟವಾಗಿದೆ ಎಂದು ನಾನು ನಂಬಿದ್ದೇನೆ.

ಎರಡನ್ನೂ ಮಾಡಿದ್ದು ಚೀನಾದ ಚೊಂಗ್‌ಚಿಂಗ್ ನಗರದ ಪಾಥಿಯಾ ಗೇಮ್ಸ್ ಸಂಸ್ಥೆ. ಪೋರ್ಶಿಯಾ 2019ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಬಂತು. ಸ್ಯಾಂಡ್‌ರಾಕ್ 2022ರ ಮೇ ತಿಂಗಳಲ್ಲಿ ಅರೆಸಿದ್ಧವಾಗಿ ಅರ್ಲಿ ಆಕ್ಸೆಸ್‌ಗೆ ಬಂದು, ಆಟಗಾರರ ದೂರು ಸಲಹೆಗಳನ್ನು ಕೇಳುತ್ತಲೇ ಬೆಳೆದು, 2023ರ ನವೆಂಬರ್ 2ರಂದು ಪೂರ್ಣಗೊಂಡಿತು. ಎರಡು ಕತೆಗಳೂ ಒಂದೇ ಲೋಕದಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆಯುತ್ತವೆ. ಮಹಾವಿಪತ್ತಿನಲ್ಲಿ ಹಳೆಯ ನಾಗರಿಕತೆ ನಾಶವಾಗಿ ಮುನ್ನೂರು ವರ್ಷಗಳ ಮೇಲಾಗಿರುವ ಅದೇ ಲೋಕ, ಅದೇ ‘ಗೋಲ್’ ನಾಣ್ಯ, ನೆಲದಡಿಯ ಅವಶೇಷಗಳನ್ನು ಅಗೆಯುವ ಅದೇ ಕೆಲಸ. ಆದ್ದರಿಂದ ಹಳೆಯದನ್ನು ಮರೆತಿದ್ದರೂ ಅಡ್ಡಿಯಿಲ್ಲ.

ಪೋರ್ಶಿಯಾದಲ್ಲಿ ಅಪ್ಪ ಬಿಟ್ಟುಹೋದ ವರ್ಕ್‌ಶಾಪಿಗೆ ಹಡಗಿನಲ್ಲಿ ಬಂದು ಇಳಿಯುತ್ತಿದ್ದೆವು. ಸುತ್ತಲೂ ಹಸಿರು, ಕಾಲಿಟ್ಟಲ್ಲೆಲ್ಲ ಮರ. ಕೊಡಲಿ ಕೈಯಲ್ಲಿದ್ದರೆ ಸಾಕು, ಕಡಿದದ್ದೆಲ್ಲ ನಮ್ಮದೇ ಆಗಿತ್ತು. ಇಲ್ಲಿ ರೈಲಿನಲ್ಲಿ ಬಂದು ಮರಳುಗಾಡಿನ ಅಂಚಿನ ಸಣ್ಣ ಊರೊಂದರಲ್ಲಿ ಇಳಿಯುತ್ತೇವೆ. ಕೆಲಸದಿಂದ ನಿವೃತ್ತನಾಗುತ್ತಿರುವ ಮೇಸನ್ ಎಂಬ ಹಿರಿಯ ಬಿಲ್ಡರ್‌ನ (ಊರಿಗೆ ಬೇಕಾದ್ದನ್ನು ಕಟ್ಟಿಕೊಡುವವನ) ವರ್ಕ್‌ಶಾಪ್ ನಮ್ಮ ಪಾಲಿಗೆ ಬರುತ್ತದೆ. ಮೊದಲ ದಿನವೇ ತಿಳಿಯುವ ಸಂಗತಿಯೆಂದರೆ, ಈ ಊರಿನಲ್ಲಿ ಹಸಿರು ಮರ ಕಡಿಯುವಂತಿಲ್ಲ. ಮಟಿಲ್ಡಾ ಎಂಬಾಕೆ ಮುನ್ನಡೆಸುವ ‘ಚರ್ಚ್ ಆಫ್ ದ ಲೈಟ್’ ಎಂಬ ಧಾರ್ಮಿಕ ಸಂಸ್ಥೆ ಅದನ್ನು ನಿಷೇಧಿಸಿದೆ. ಸೌದೆಗೆ ಒಣಗಿದ ಪೊದೆಗಳೇ ಗತಿ, ಲೋಹಕ್ಕೆ ಗುಜರಿಯ ಗುಡ್ಡೆಗಳೇ ಗತಿ. ರಾಕಿ ಎಂಬಾತನ ಗುಜರಿ ಅಂಗಳಕ್ಕೆ ಹೋಗಿ ಹಳೆಯ ಕಾಲದ ಮುರುಕು ಯಂತ್ರಗಳನ್ನು ಒಡೆದು ತಂದು, ಮನೆಯಲ್ಲಿ ರೀಸೈಕ್ಲರ್‌ಗೆ ಹಾಕಿದರೆ, ಅದು ಒಂದೊಂದಾಗಿ ಬಿಡಿಭಾಗಗಳನ್ನು ಬೇರ್ಪಡಿಸಿ ಕೊಡುತ್ತದೆ. ಪೋರ್ಶಿಯಾದಲ್ಲಿ ನಾವು ಕಾಡನ್ನು ಖಾಲಿ ಮಾಡಿ ಊರು ಕಟ್ಟಿದೆವು. ಇಲ್ಲಿ ಹಿಂದಿನವರು ಬಿಸಾಡಿದ್ದರಿಂದಲೇ ಕಟ್ಟಬೇಕು.

ಇನ್ನು ನೀರಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಟದ ಜೀವ ಇರುವುದೇ ಇದರಲ್ಲಿ. ಕುಲುಮೆ, ಗರಗಸ, ರೀಸೈಕ್ಲರ್ ಹೀಗೆ ಯಾವ ಯಂತ್ರ ಓಡಬೇಕಾದರೂ ಇಂಧನದ ಜೊತೆಗೆ ನೀರೂ ಬೇಕು. ಅಂಗಳದಲ್ಲಿ ಒಂದು ನೀರಿನ ಟ್ಯಾಂಕ್ ಇರುತ್ತದೆ; ಎಲ್ಲ ಯಂತ್ರಗಳೂ ಅದರಿಂದಲೇ ಕುಡಿಯುತ್ತವೆ. ಟ್ಯಾಂಕಿನ ಮಟ್ಟ ಇಳಿದರೆ ಬರ್ಜೆಸ್ ನಡೆಸುವ ‘ವಾಟರ್ ವರ್ಲ್ಡ್’ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ನೀರು ತರಬೇಕು. ಆರಂಭದ ವಾರಗಳಲ್ಲಿ ಕೈಯಲ್ಲಿ ಹಣವೂ ಅಷ್ಟಕ್ಕಷ್ಟೇ. ಬೆಳಿಗ್ಗೆ ಎದ್ದು ಕುಲುಮೆಗೆ ತಾಮ್ರದ ಅದಿರು ತುಂಬಿ, ಇಷ್ಟು ಗಟ್ಟಿ ಬೇಕೆಂದು ಸಾಲಾಗಿ ಆರ್ಡರ್ ಕೊಟ್ಟು, ಗಣಿಗೆ ಇಳಿದು ಸಂಜೆ ಮರಳಿ ಬಂದು ನೋಡಿದರೆ, ಅರ್ಧ ಗಟ್ಟಿಗಳು ಮಾತ್ರ ಆಗಿ ಉಳಿದ ಅದಿರು ಹಾಗೆಯೇ ಕೂತಿರುತ್ತದೆ, ಟ್ಯಾಂಕ್ ಬರಿದಾಗಿರುತ್ತದೆ. ಒಪ್ಪಿಕೊಂಡ ಕೆಲಸದ ಗಡುವು ನಾಳೆಗೇ ಇರುತ್ತದೆ. ಆಗ ಕೈಯಲ್ಲಿರುವ ಗೋಲ್‌ಗಳಿಂದ ನೀರು ಕೊಳ್ಳಬೇಕೋ, ಹೊಸ ಪಿಕಾಸಿಗೆ ಕೂಡಿಡಬೇಕೋ, ಎರಡು ಯಂತ್ರಗಳಲ್ಲಿ ಒಂದನ್ನು ಈ ರಾತ್ರಿ ನಿಲ್ಲಿಸಬೇಕೋ ಎಂದು ಲೆಕ್ಕ ಹಾಕುತ್ತೇವೆ. ಟ್ಯಾಂಕರ್ ಬರುವ ದಿನ ನೋಡಿ ಬಟ್ಟೆ ಒಗೆಯುವ ಮನೆಯವರ ಲೆಕ್ಕವೂ ಇದೇ ಬಗೆಯದು. ಮುಂದೆ ಗಾಳಿಯ ತೇವವನ್ನು ಹಿಡಿದು ನೀರಾಗಿಸುವ ಇಬ್ಬನಿ ಯಂತ್ರವನ್ನು ಮೊದಲ ಬಾರಿಗೆ ಅಂಗಳದಲ್ಲಿ ಸ್ಥಾಪಿಸಿದಾಗ ಆಗುವ ಸಂತೋಷ ಪೋರ್ಶಿಯಾದ ಯಾವ ದೊಡ್ಡ ಕಟ್ಟಡದಿಂದಲೂ ನನಗೆ ಆಗಿರಲಿಲ್ಲ.

ಬೇಸಾಯವೂ ಹೀಗೆಯೇ. ಬರೀ ಮರಳಿನಲ್ಲಿ ಬೀಜ ಬಿತ್ತಿದರೆ ಏನೂ ಬರುವುದಿಲ್ಲ. ಮೊದಲು ಮರಳಿನ ಮೇಲೆ ಒಣಹುಲ್ಲನ್ನು ಚೌಕಚೌಕವಾಗಿ ಹೆಣೆದು, ಮರಳು ಹಾರದಂತೆ ಹಿಡಿದು ನಿಲ್ಲಿಸಬೇಕು. ನಂತರವಷ್ಟೇ ಆ ನೆಲ ನಿಧಾನವಾಗಿ ಮಣ್ಣಾಗುತ್ತದೆ. ಇದು ಆಟಕ್ಕಾಗಿ ಹುಟ್ಟಿದ ಕಲ್ಪನೆಯಲ್ಲ ಎಂಬುದು ನಿನಗೆ ಇಷ್ಟವಾಗಬಹುದು. ಚೀನಾದ ನಿಂಗ್‌ಶಿಯಾ ಸ್ವಾಯತ್ತ ಪ್ರದೇಶದ ಶಾಪೋತೌ ಎಂಬಲ್ಲಿ ತೆಂಗರ್ ಮರುಭೂಮಿಯ ಅಂಚನ್ನು ಹಾದುಹೋಗುವ ಬಾವ್‌ತೌ–ಲಾನ್‌ಜೌ ರೈಲುಮಾರ್ಗ 1958ರಲ್ಲಿ ಸಂಚಾರಕ್ಕೆ ತೆರೆಯಿತು. ಹಳಿಗಳ ಮೇಲೆ ಮರಳು ಬಂದು ಬೀಳದಂತೆ ತಡೆಯಲು ಅಲ್ಲಿನವರು ಸುಮಾರು ಒಂದು ಮೀಟರ್ ಅಳತೆಯ ಹುಲ್ಲಿನ ಚೌಕಗಳನ್ನು ನೆಲದಲ್ಲಿ ಹೂತು ಹರಡಿದರು. ಗಾಳಿಯ ವೇಗ ನೆಲಮಟ್ಟದಲ್ಲಿ ತಗ್ಗಿ, ಮರಳು ನಿಂತು, ಚೌಕದೊಳಗೆ ನೆಟ್ಟ ಗಿಡಗಳು ಬೇರು ಬಿಟ್ಟವು. ಆಟದ ಊರು ಕೂಡ ರೈಲನ್ನೇ ನಂಬಿ ಬದುಕುವ ಊರು. ತಮ್ಮ ದೇಶದವರು ನಿಜವಾಗಿ ಮಾಡಿದ ಕೆಲಸವನ್ನು ಬಲ್ಲವರು ಮಾಡಿದ ಆಟವಿದು ಎಂಬುದು ಆಡುವಾಗ ಗೊತ್ತಾಗುತ್ತದೆ. ಕೌಬಾಯ್ ಟೋಪಿ, ‘ಸಲೂನ್’ ಎಂಬ ಮದ್ಯದಂಗಡಿಗಳ ಅಮೆರಿಕದ ವೇಷ ಮೇಲುಮೇಲಿನದಷ್ಟೇ.

ಜನರ ವಿಷಯಕ್ಕೆ ಬಂದರೆ, ಪೋರ್ಶಿಯಾದ ಎದುರಾಳಿ ಬಿಲ್ಡರ್ ಹಿಗಿನ್ಸ್ ನಿನ್ನನ್ನು ಎಷ್ಟು ಕೆರಳಿಸಿದ್ದನೆಂದು ನನಗೆ ನೆನಪಿದೆ. ಬೆಳಗಾಗುವುದರೊಳಗೆ ಬಂದು ಒಳ್ಳೆಯ ಕೆಲಸಗಳನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದ. ಇಲ್ಲಿ ಅವನ ಜಾಗದಲ್ಲಿ ಮಿಯಾನ್ ಎಂಬ ಹುಡುಗಿ ಇದ್ದಾಳೆ. ನಮ್ಮ ಜೊತೆಗೇ ಊರಿಗೆ ಹೊಸದಾಗಿ ಬಂದ ಅವಳು ಪ್ರತಿಸ್ಪರ್ಧಿಯಲ್ಲ, ಸಹೋದ್ಯೋಗಿ. ಬಾಯಿ ಬಿಡದ ವೈದ್ಯ ಫಾಂಗ್ ಇದ್ದಾನೆ. ಅವನ ಪರವಾಗಿ ಮಾತನಾಡುವುದು ಎಕ್ಸ್ ಎಂಬ ಅವನ ಹಕ್ಕಿ. ಊರ ಕಾವಲು ಪಡೆಯ ಅನ್ಸೂರ್‌ಗೆ ಕಲ್ಲುಗಳೆಂದರೆ ಪ್ರಾಣ. ಯಾಕ್ ಮತ್ತು ಒಂಟೆ ಬೆರೆತಂಥ ಯಾಕ್ಮೆಲ್ ಪ್ರಾಣಿಗಳನ್ನು ಸಾಕುವ ಕೂಪರ್ ಮಾತಿಗೆ ನಿಂತರೆ ಬಿಡುವವನಲ್ಲ. ನಮ್ಮ ಬಾಲ್ಯದ ಗೆಳತಿ ನಿಯಾ ಆಗಾಗ ಪತ್ರ ಬರೆಯುತ್ತಾಳೆ. ಆ ಪತ್ರಗಳನ್ನು ಓದದೆ ಬಿಡಬೇಡ. ಮದುವೆಯಾಗಬಲ್ಲ ಪಾತ್ರಗಳ ಸಂಖ್ಯೆಯೇ ಇಪ್ಪತ್ತರ ಆಸುಪಾಸಿನಲ್ಲಿದೆ. ಸ್ನೇಹ ಬೆಳೆಸಲು ಉಡುಗೊರೆಗಳನ್ನು ಕೊಡುತ್ತಲೇ ಹೋಗಬೇಕಾದ ಹಳೆಯ ಕ್ರಮ ಹಾಗೆಯೇ ಉಳಿದಿದೆ, ಅದು ನನಗೆ ಈಗಲೂ ಬೇಸರ. ಆದರೆ ಆ ಸ್ನೇಹದ ಕತೆಗಳು ಊರಿನ ದೊಡ್ಡ ಕತೆಯೊಂದಿಗೆ ಹೆಣೆದುಕೊಂಡಿರುವುದರಿಂದ ಪಾತ್ರಗಳು ಪೋರ್ಶಿಯಾದವರಿಗಿಂತ ಹೆಚ್ಚು ಹತ್ತಿರವಾಗುತ್ತಾರೆ.

ಆ ದೊಡ್ಡ ಕತೆಯನ್ನು ಇಲ್ಲಿ ಹೇಳಿ ನಿನ್ನ ಕುತೂಹಲ ಕೆಡಿಸಲಾರೆ. ಲೋಗನ್ ಎಂಬ ದರೋಡೆಕೋರ ಊರಿನ ನೀರಿನ ಗೋಪುರವನ್ನು ಸ್ಫೋಟಿಸುವುದರೊಂದಿಗೆ ಅದು ನಿಜವಾಗಿ ಆರಂಭವಾಗುತ್ತದೆ ಎಂದಷ್ಟೇ ತಿಳಿದಿರಲಿ. ಹನಿಹನಿಗೂ ಲೆಕ್ಕವಿಟ್ಟು ಬದುಕುವ ಊರಿನಲ್ಲಿ ಆ ಗೋಪುರ ಉರುಳಿದರೆ ಏನಾಗುತ್ತದೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ನಿನ್ನ ಅಂಗಳದ ಟ್ಯಾಂಕ್ ನಿನಗೆ ಆಗಲೇ ಕಲಿಸಿರುತ್ತದೆ. ಇಲ್ಲಿ ನಾವು ಕಟ್ಟುವ ಪ್ರತಿಯೊಂದೂ, ಗುಜರಿಯ ಲಿಫ್ಟ್ ಆಗಲಿ, ಶೋನಾಶ್ ಕಣಿವೆಯ ಸೇತುವೆಯಾಗಲಿ, ಊರು ಉಳಿಯುತ್ತದೆಯೋ ಖಾಲಿಯಾಗುತ್ತದೆಯೋ ಎಂಬ ಪ್ರಶ್ನೆಗೆ ಕೊಡುವ ಉತ್ತರವಾಗುತ್ತದೆ. ಪೋರ್ಶಿಯಾದಲ್ಲಿ ಆಂಬರ್ ದ್ವೀಪಕ್ಕೆ ಸೇತುವೆ ಕಟ್ಟಿದಾಗ ಊರವರು ಚಪ್ಪಾಳೆ ತಟ್ಟಿದರು, ಮರುದಿನ ಎಲ್ಲರೂ ಮೊದಲಿನಂತೆಯೇ ಇದ್ದರು. ಸ್ಯಾಂಡ್‌ರಾಕ್‌ನಲ್ಲಿ ಮರುದಿನ ಹಾಗಿರುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಕೈಯಲ್ಲಿ ಹಣ ಸೇರಿದಂತೆಲ್ಲ ನೀರಿನ ಚಿಂತೆ ಸಡಿಲವಾಗುತ್ತದೆ. ಆಟದ ಕೊನೆಯ ಭಾಗದಲ್ಲಿ ಅದು ಕೇವಲ ಒಂದು ಖರ್ಚಿನ ಬಾಬತ್ತಾಗಿ ಉಳಿಯುತ್ತದೆ, ಮತ್ತು ಆಗ ಆಟ ಪೋರ್ಶಿಯಾದಂತೆಯೇ ಬಿಡಿಭಾಗಗಳನ್ನು ಗುಡ್ಡೆ ಹಾಕುವ ಕೆಲಸದತ್ತ ಜಾರುತ್ತದೆ. ಇದೇ ನನಗೆ ಅದರ ದೊಡ್ಡ ದೋಷವಾಗಿ ಕಂಡಿತು. ಹೊಡೆದಾಟದಲ್ಲಿ ಬಂದೂಕುಗಳು ಸೇರಿವೆಯೆಂಬುದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಸೊಗಸಿಲ್ಲ. ನಾಲ್ವರವರೆಗೆ ಒಟ್ಟಿಗೆ ಆಡಬಹುದು, ಆದರೆ ಆ ವಿಧಾನವೇ ಬೇರೆ, ಅದರ ಉಳಿಕೆಯೂ (ಸೇವ್) ಬೇರೆ. ಒಂಟಿಯಾಗಿ ಆಡಿದ ಕತೆಗೆ ನಡುವೆ ನನ್ನನ್ನು ಕರೆದುಕೊಳ್ಳಲು ಆಗುವುದಿಲ್ಲ. ಮೊದಲು ಒಬ್ಬನೇ ಆಡಿ ಕತೆ ಮುಗಿಸು.

ನಿನ್ನ ಬಳಿ ನಿಂಟೆಂಡೊದ ಆಟದ ಸಾಧನ ಸ್ವಿಚ್ ಇದೆಯೆಂದು ಗೊತ್ತು, ಆದರೂ ಇದನ್ನು ಅದರಲ್ಲಿ ಆಡಬೇಡ. ಕಾಯುವ ಸಮಯ ಹೆಚ್ಚು, ಚಿತ್ರ ಮಂಕು. ಗ್ರಾಫಿಕ್ಸ್ ಕಾರ್ಡ್ ಇರುವ ನಿನ್ನ ಕಂಪ್ಯೂಟರೇ ಸರಿ. ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲಿಯೇ ಓದಬೇಕು, ಮತ್ತು ಓದುವುದು ಬಹಳ ಇದೆ. ಮಗಳೊಂದಿಗೆ ಕೂತು ಆಡುವ ಆಲೋಚನೆಯಿದ್ದರೆ ಇದನ್ನು ಗಮನದಲ್ಲಿಡು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಮಾತ್ರ ಸಿಗುವ ನಿನಗೆ ಇನ್ನೊಂದು ಮಾತು: ಪಾತ್ರವನ್ನು ಮಲಗಿಸಿದಾಗ ಆಟ ಉಳಿಕೆಯಾಗುತ್ತದೆ, ಆದ್ದರಿಂದ ಕೂತಾಗ ಒಂದು ಇಡೀ ದಿನವನ್ನು ಮುಗಿಸಿ ಏಳುವುದು ಒಳ್ಳೆಯದು. ಆಟದ ಕಾಲದ ವೇಗವನ್ನು ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಹಲವರು ಅದನ್ನು ತುಂಬ ನಿಧಾನಗೊಳಿಸಿ, ಒಂದೇ ದಿನದಲ್ಲಿ ಎಲ್ಲ ಕೆಲಸ ಮುಗಿಸುತ್ತಾರೆ. ನೀನು ಹಾಗೆ ಮಾಡಬೇಡ. ದಿನ ಸಾಲದಿದ್ದರೆ ಮಾತ್ರ ಯಾವ ಕೆಲಸ ಮೊದಲು ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ.

ಮೊದಲ ತಿಂಗಳು, ಅಂದರೆ ಆಟದ ಇಪ್ಪತ್ತೆಂಟು ದಿನಗಳ ಒಂದು ಋತು, ನಿಧಾನವಾಗಿಯೇ ಸಾಗುತ್ತದೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಕ್ಕೆ ಪಡೆಯಬಹುದು, ಆದರೆ ಆ ಎರಡು ಗಂಟೆಗಳಲ್ಲಿ ಈ ಆಟದ ಯೋಗ್ಯತೆ ನಿನಗೆ ತಿಳಿಯಲಾರದು. ಗೋಪುರದ ಘಟನೆ ಆಗುವವರೆಗಾದರೂ ತಾಳ್ಮೆಯಿಂದ ಆಡು. ಮುಂದಿನ ಆಟ ‘ಎವರ್‌ಶೈನ್’ ಅನ್ನು 2024ರಲ್ಲಿ ಘೋಷಿಸಿದ್ದಾರೆ. ಅದರ ಆಸೆಯಿಂದ ಇದನ್ನು ಆಡದೆ ಬಿಡಬೇಡ. ರಿಯಾಯಿತಿ ಮಾರಾಟ ಬಂದಾಗ ಕೊಂಡರೂ ನಡೆಯುತ್ತದೆ. ಆಡಲು ಆರಂಭಿಸಿದ ಮೇಲೆ, ಮೊದಲ ಗಳಿಕೆಯಲ್ಲಿ ನೀರಿಗೆ ಎಷ್ಟು ಎತ್ತಿಟ್ಟೆ, ಯಂತ್ರಕ್ಕೆ ಎಷ್ಟು ಹಾಕಿದೆ ಎಂಬುದನ್ನು ನನಗೆ ಬರೆದು ತಿಳಿಸು.

ಇಂತಿ ನಿನ್ನ ಗೆಳೆಯ,
ರಾಘವೇಂದ್ರ