‘ರೋಗಿಯೇ ಕಿತ್ತುಕೊಂಡರು’ ಎಂದು ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಗಳ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಾಸಿಗೆ ಸಾಲದು, ಡಾಕ್ಟರು ಸಿಗುವುದಿಲ್ಲ, ಮಾತ್ರೆ ಹೊರಗಿನಿಂದ ತರಿಸುತ್ತಾರೆ ಎಂಬ ದೂರುಗಳೇ ಹೆಚ್ಚು. ಅವೇನೂ ಸುಳ್ಳಲ್ಲ. ನಾನು ಬರೆಯಹೊರಟಿರುವುದು ಮಾತ್ರ ಎರಡು ತುಂಡು ಪ್ಲಾಸ್ಟರಿನ ವಿಚಾರ. ಮೂತ್ರದ ಪೈಪನ್ನು, ಅಂದರೆ ಕ್ಯಾಥೆಟರನ್ನು, ರೋಗಿಯ ತೊಡೆಗೋ ಕಿಬ್ಬೊಟ್ಟೆಗೋ ಅಂಟಿಸಿ ನಿಲ್ಲಿಸುವ ಕೆಲಸ ಅದು. ಸಣ್ಣದೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವಾರ್ಡಿನಲ್ಲಿ ದುಡಿದ ಯಾರನ್ನೇ ಕೇಳಿ, ರಾತ್ರಿ ಪಾಳಿಯ ರಿಪೋರ್ಟಿನಲ್ಲಿ ‘ರೋಗಿ ಕ್ಯಾಥೆಟರ್ ಕಿತ್ತುಕೊಂಡಿದ್ದಾರೆ’ ಎಂಬ ಸಾಲು ಅವರಿಗೆ ಹೊಸದಲ್ಲ. ಸೊಂಟದ ಮೂಳೆಯ ಆಪರೇಷನ್ ಆದ ಅಜ್ಜನಿಗೆ ಕತ್ತಲಾದ ಮೇಲೆ ಸನ್ನಿ ಹಿಡಿದಂತಾಗುತ್ತದೆ. ಕಾಲ ಸಂದಿಯಲ್ಲಿ ಏನೋ ಜೋತಾಡುತ್ತಿದೆ ಅನ್ನಿಸಿ ಕೈ ಹಾಕುತ್ತಾನೆ. ಬೆಳಿಗ್ಗೆ ರೌಂಡ್ಸಿಗೆ ಬಂದವರು ಹೊಸ ಕ್ಯಾಥೆಟರ್ ಹಾಕಿಸಿ, ಗಾಜ್ ಬಟ್ಟೆಯಿಂದ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿಸುತ್ತಾರೆ. ಅಲ್ಲಿಗೆ ತಪ್ಪು ಅಜ್ಜನದೆಂದು ತೀರ್ಮಾನವಾಯಿತು. ಪೈಪು ಯಾಕೆ ಜೋತಾಡುತ್ತಿತ್ತು ಎಂದು ಆ ಸಾಲು ಬರೆದವರೂ ಕೇಳುವುದಿಲ್ಲ, ಓದಿದವರೂ ಕೇಳುವುದಿಲ್ಲ. ಕೈ ಕಟ್ಟಿದರೆ ಸನ್ನಿ ಇನ್ನಷ್ಟು ಕೆರಳುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

‘ಒಳಗೆ ಬಲೂನ್ ಇದೆಯಲ್ಲ ಸಿಸ್ಟರ್, ಬಿದ್ದುಹೋಗಲ್ಲ ಬಿಡಿ’ ಎನ್ನುವುದು ವಾರ್ಡಿನ ಸಿದ್ಧ ಉತ್ತರ. ಫೋಲಿ ಕ್ಯಾಥೆಟರ್, ಅಂದರೆ ಒಳಗೇ ಬಿಡುವ ಈ ಪೈಪಿನ, ತುದಿಯ ಬಲೂನಿಗೆ ಸಾಮಾನ್ಯವಾಗಿ 10 ಮಿ.ಲೀ. ನೀರು ತುಂಬುತ್ತೇವೆ, ಅದು ಮೂತ್ರಕೋಶದ ಬಾಯಲ್ಲಿ ಕೂರುತ್ತದೆ. ಪೈಪು ತಾನಾಗಿ ಜಾರದಂತೆ ಅದು ತಡೆಯುತ್ತದೆ, ಸರಿ. ಆದರೆ ಹೊರಗಿನಿಂದ ಜಗ್ಗಿದ ಭಾರವೆಲ್ಲ ಬೀಳುವುದೂ ಅದೇ ಬಾಯಿಯ ಮೇಲೆ. ಉಬ್ಬಿದ ಬಲೂನಿನ ಸಮೇತ ಪೈಪು ಹೊರಬಂದರೆ ಮೂತ್ರನಾಳ ಹರಿದು ರಕ್ತ ಸುರಿಯುತ್ತದೆ. ಗಾಯ ಮಾಯ್ದ ಮೇಲೆ ನಾಳ ಕಿರಿದಾಗಿ, ಮೂತ್ರ ಕಟ್ಟಿಕೊಂಡು ಮತ್ತೆ ಅದೇ ಆಸ್ಪತ್ರೆಗೆ ಬರುವವರಿದ್ದಾರೆ. ಕೀಳುವವರೆಗೆ ಹೋಗಬೇಕೆಂದೇನೂ ಇಲ್ಲ. ಮಗ್ಗುಲು ಬದಲಿಸಿದಾಗೆಲ್ಲ ಪೈಪು ಒಳಕ್ಕೂ ಹೊರಕ್ಕೂ ಆಡುತ್ತಿದ್ದರೆ ಮೂತ್ರಕೋಶ ಕೆರಳಿ ಹಿಂಡುತ್ತದೆ, ಪೈಪಿನ ಪಕ್ಕದಿಂದ ಮೂತ್ರ ಸೋರುತ್ತದೆ. ಸೈಜು ಸಾಲದೆಂದು ಇನ್ನೂ ದಪ್ಪದ ಕ್ಯಾಥೆಟರ್ ಹಾಕುವುದನ್ನು ನಾನು ಕಂಡಿದ್ದೇನೆ. ಅದರಿಂದ ಕೆರಳಿಕೆ ಹೆಚ್ಚುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ.

ಇನ್ನು ಸೋಂಕು. ಒಳಗಿಟ್ಟ ಕ್ಯಾಥೆಟರಿನಿಂದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ದಿನಕ್ಕೆ ಶೇ 3ರಿಂದ 7ರಷ್ಟು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2009ರ ಮಾರ್ಗಸೂಚಿಯಲ್ಲೇ, ಪೈಪು ಅಲುಗಾಡದಂತೆ, ಮೂತ್ರನಾಳದ ಮೇಲೆ ಜಗ್ಗದಂತೆ ಭದ್ರಪಡಿಸಬೇಕೆಂದು ಹೇಳಿದೆ. ಮೂತ್ರ ಸೇರುವ ಚೀಲ (ಯೂರೋಬ್ಯಾಗ್) ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು ಎಂಬುದೂ ಅಲ್ಲಿದೆ. ನಮ್ಮಲ್ಲಿ ಸ್ಕ್ಯಾನಿಂಗಿಗೆ ಹೊರಟ ಸ್ಟ್ರೆಚರುಗಳನ್ನು ಒಮ್ಮೆ ಗಮನಿಸಿ. ಯೂರೋಬ್ಯಾಗ್ ರೋಗಿಯ ಹೊಟ್ಟೆಯ ಮೇಲೋ ಕಾಲುಗಳ ನಡುವೆಯೋ ಇರುತ್ತದೆ, ಚೀಲದ ಮೂತ್ರ ಹಿಂದಕ್ಕೆ ಹರಿಯುತ್ತದೆ. ಇಲ್ಲವಾದರೆ ಚೀಲ ಮಂಚಕ್ಕೆ ನೇತುಬಿದ್ದೇ ಇರುತ್ತದೆ, ರೋಗಿಯನ್ನು ಮಾತ್ರ ‘ಒನ್, ಟು, ತ್ರೀ’ ಎಂದು ಸ್ಟ್ರೆಚರಿಗೆ ಎಳೆಯುತ್ತಾರೆ. ಚೀಲ ತುಂಬಿದರೆ ಎರಡು ಲೀಟರ್, ಎರಡು ಕೆ.ಜಿ. ಭಾರ.

ಪ್ಲಾಸ್ಟರ್ ಹಚ್ಚುವುದಕ್ಕೂ ಒಂದು ಕ್ರಮವಿದೆ. ಪೈಪಿನ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಒತ್ತಿಬಿಟ್ಟರೆ ಬೆವರಿಗೆ ಸಂಜೆಯೊಳಗೆ ಬಿಟ್ಟುಕೊಳ್ಳುತ್ತದೆ. ಮೊದಲು ಚರ್ಮವನ್ನು ಒರೆಸಿ ಒಣಗಿಸಿ ಒಂದು ಅಗಲದ ತುಂಡು ಹಚ್ಚಬೇಕು. ಎರಡನೆಯದನ್ನು ಪೈಪಿನ ಸುತ್ತ ಒಂದು ಸುತ್ತು ತಂದು, ಅದರ ಎರಡೂ ರೆಕ್ಕೆಗಳನ್ನು ಕೆಳಗಿನ ತುಂಡಿಗೆ ಅಂಟಿಸಬೇಕು. ಕಾಲು ಮಡಚಿದರೂ ಜಗ್ಗದಷ್ಟು ಸಡಿಲ ಬಿಡಬೇಕು. ತೊಡೆಯ ಸುತ್ತ ಬಳೆಯ ಹಾಗೆ ಪೂರ್ತಿ ಸುತ್ತಬಾರದು, ಕಾಲು ಊದಿಕೊಳ್ಳುತ್ತದೆ. ಹೆಂಗಸರಿಗೆ ತೊಡೆಯ ಒಳಭಾಗ, ಗಂಡಸರಿಗೆ ತೊಡೆಯ ಮೇಲ್ಭಾಗ ಅಥವಾ ಕಿಬ್ಬೊಟ್ಟೆ. ಆಗಾಗ ಜಾಗ ಬದಲಿಸಬೇಕು, ವಯಸ್ಸಾದವರ ಚರ್ಮ ಪ್ಲಾಸ್ಟರಿನ ಜೊತೆಗೇ ಸುಲಿದು ಬರುತ್ತದೆ. ಇಷ್ಟಕ್ಕೆ ಐದು ನಿಮಿಷ ಬೇಕಿಲ್ಲ. ವೆಲ್ಕ್ರೋ ಪಟ್ಟಿಗಳೂ ಸಿಗುತ್ತವೆ.

ನರ್ಸುಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ಸಿಸ್ಟರ್, ಪ್ಲಾಸ್ಟರ್ ರೋಲ್ ಬೀರುವಿನೊಳಗೆ, ಬೀಗದ ಕೀ ಇನ್ನಾರದೋ ಕೈಯಲ್ಲಿ. ಸಿಕ್ಕ ಗಾಜ್ ಬಟ್ಟೆಯ ದಾರವನ್ನೋ ಹರಿದ ಗ್ಲೌಸನ್ನೋ ಬಳಸಿ ಕಟ್ಟುವುದು ಆಗಲೇ. ಪ್ಲಾಸ್ಟರನ್ನೂ ವೆಲ್ಕ್ರೋ ಪಟ್ಟಿಯನ್ನೂ ಕ್ಯಾಥೆಟರಿನ ಜೊತೆಗೇ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿ ತರಿಸಬಹುದು. ರಾಜ್ಯ ವೈದ್ಯಕೀಯ ಸರಬರಾಜು ನಿಗಮದಿಂದ ಬರುವುದು ತಡವಾದರೆ ಆಸ್ಪತ್ರೆಯದೇ ಆರೋಗ್ಯ ರಕ್ಷಾ ಸಮಿತಿಯ ಹಣವಿದೆ. ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಹಾಕುವ ಪೈಪಿನ ವಿಷಯದಲ್ಲಂತೂ ಚೌಕಾಸಿಯೇ ಕೂಡದು. ಅದು ಕಳಚಿದರೆ ರಕ್ತ ಹೋಗುವುದಲ್ಲದೆ ರಕ್ತನಾಳದೊಳಕ್ಕೆ ಗಾಳಿ ನುಗ್ಗುವ ಅಪಾಯವೂ ಇದೆ.

ಕೇಸ್ ಶೀಟಿನಲ್ಲಿ ಒಂದು ಕಾಲಂ ಸೇರಿಸಿ ಎಂಬುದು ನನ್ನ ಮುಖ್ಯ ಬೇಡಿಕೆ. ಪ್ರತಿ ಪಾಳಿಯಲ್ಲೂ ‘ಕ್ಯಾಥೆಟರ್ ಭದ್ರಪಡಿಸಿದೆಯೇ, ಎಲ್ಲಿ’ ಎಂದು ದಾಖಲಾಗಲಿ. ಆಗ ‘ಕಿತ್ತುಕೊಂಡಿದ್ದಾರೆ’ ಎಂಬ ಸಾಲಿನ ಪಕ್ಕದಲ್ಲೇ ಉತ್ತರವೂ ಇರುತ್ತದೆ. ಅದೇ ಕಾಲಮ್ಮಿನಲ್ಲಿ ‘ಇಂದೂ ಬೇಕೇ’ ಎಂಬ ಪ್ರಶ್ನೆಯೂ ಇರಲಿ. ಬೇಡವಾದ ಪೈಪನ್ನು ತೆಗೆದುಬಿಟ್ಟರೆ ಅಂಟಿಸುವ ಗೋಜೇ ಇಲ್ಲ, ಎಷ್ಟೋ ರೋಗಿಗಳಿಗೆ ಅದು ಮರೆವಿನಿಂದಲೇ ಉಳಿದಿರುತ್ತದೆ.

ಪೈಪಿನೊಂದಿಗೇ ಮನೆಗೆ ಹೋಗುವವರ ಪಾಡು ಬೇರೆ. ಬೆನ್ನುಹುರಿಗೆ ಪೆಟ್ಟಾದ ಹುಡುಗರಿಗೆ ಸೊಂಟದ ಕೆಳಗೆ ನೋವೇ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಕೆಳಕ್ಕೆ ಜಗ್ಗಿದ ಪೈಪು ಶಿಶ್ನದ ಅಡಿಭಾಗವನ್ನು ಸೀಳಿಕೊಂಡು ಹೋಗಿರುತ್ತದೆ, ಬಟ್ಟೆ ಬದಲಿಸುವ ತಾಯಿ ನೋಡಿ ಗಾಬರಿಯಾದಾಗಲೇ ಗೊತ್ತಾಗುವುದು. ಅದು ಹೊಲಿದರೂ ಸುಲಭಕ್ಕೆ ಕೂಡುವ ಗಾಯವಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಮಾತ್ರೆಗಳ ಪಟ್ಟಿ ಉದ್ದಕ್ಕಿರುತ್ತದೆ, ಪೈಪು ಹಾಕಿದ ದಿನಾಂಕವಾಗಲಿ ಬದಲಿಸಬೇಕಾದ ದಿನವಾಗಲಿ ಇರುವುದಿಲ್ಲ. ಅವೆರಡನ್ನೂ ಬರೆದು, ನೋಡಿಕೊಳ್ಳುವವರ ಕೈಯಿಂದಲೇ ಒಮ್ಮೆ ಪ್ಲಾಸ್ಟರ್ ಹಚ್ಚಿಸಿ ನೋಡಿ ಕಳಿಸಬೇಕೆಂದು ಜಿಲ್ಲಾ ಶಸ್ತ್ರಚಿಕಿತ್ಸಕರು ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಅದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ.

ಇಂತಿ,
ನಿವೃತ್ತ ಶುಶ್ರೂಷಣಾಧಿಕಾರಿ, ಹಾಸನ