ಯಾರ ತೆರಿಗೆ, ಯಾರ ಬಿಟ್ಟಿ?

ಶಿರಸಿ

ಪ್ರೀತಿಯ ಮಾಣಿ,

ಆಶೀರ್ವಾದಗಳು. ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ ನೀನು ಹಾಕಿದ್ದನ್ನು ಓದಿದೆ. ‘ತೆರಿಗೆ ಕಟ್ಟುವವರು ನಾವು ಸಂಬಳದವರು, ಬಿಟ್ಟಿ ತಿನ್ನುವವರು ಊರವರು’ ಅಂತ. ಅಲ್ಲೇ ಉತ್ತರ ಕೊಟ್ಟಿದ್ದರೆ ಸುಮ್ನೆ ಜಗಳ ಆಗುತ್ತಿತ್ತು. ಅದಕ್ಕೇ ಪತ್ರ.

ನಿನ್ನ ಸಿಟ್ಟಿನಲ್ಲಿ ಅರ್ಧ ನಿಜ ಇದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ, ಬೇರೆ ವಿನಾಯಿತಿ ಬಿಟ್ಟುಕೊಡುವ ಕಂಪನಿಗಳ ತೆರಿಗೆ ದರವನ್ನು ಶೇ 30ರಿಂದ 22ಕ್ಕೆ ಇಳಿಸಿತು. ಬಂಡವಾಳ ಬರುತ್ತದೆ, ಕೆಲಸ ಹುಟ್ಟುತ್ತದೆ ಅಂದರು. 2023–24ರಲ್ಲಿ ಕಂಪನಿಗಳಿಂದ ಬಂದ ತೆರಿಗೆ ಸುಮಾರು 9.1 ಲಕ್ಷ ಕೋಟಿ ರೂಪಾಯಿ. ಜನರ ಆದಾಯ ತೆರಿಗೆ ಸುಮಾರು 10.4 ಲಕ್ಷ ಕೋಟಿ. ನಿನ್ನ ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಅಂತ ತೆರಿಗೆ ಕಡಿತವಾಗಿ ಹೋಗಿರುತ್ತದೆ, ಸಿಟ್ಟು ಬರಲೇಬೇಕು. ಆದರೆ ಅದನ್ನು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡನ ಮೇಲೆ ಯಾಕೆ ತೀರಿಸಿಕೊಳ್ಳುತ್ತೀಯ?

ಅವನು ಆದಾಯ ತೆರಿಗೆ ಕಟ್ಟುವುದಿಲ್ಲ, ನಿಜ. ಮೊಬೈಲ್ ರೀಚಾರ್ಜ್ ಮಾಡಿಸಿದರೆ ಶೇ 18 ಜಿಎಸ್‌ಟಿ (ಸರಕು ಮತ್ತು ಸೇವಾ ತೆರಿಗೆ) ಕೊಡುತ್ತಾನೆ, ನೀನು ಕೊಡುವಷ್ಟೇ. ಮೈಸೋಪು, ಪೇಸ್ಟು, ತಲೆಗೆ ಹಚ್ಚುವ ಎಣ್ಣೆ, ಎಲ್ಲಕ್ಕೂ 2025ರ ಸೆಪ್ಟೆಂಬರಿನವರೆಗೆ ಶೇ 18 ಇತ್ತು, ಈಗ 5ಕ್ಕೆ ಇಳಿಸಿದ್ದಾರೆ. ಇಳಿಸಿದ್ದು ಒಳ್ಳೆಯದೇ. ಆದರೆ ಇಷ್ಟು ವರ್ಷ ಕೊಟ್ಟದ್ದನ್ನು ಯಾರೂ ಅವನ ಹೆಸರಿನಲ್ಲಿ ಬರೆದಿಟ್ಟಿಲ್ಲ. ನಿನಗೆ ಕಟ್ಟಿದ ತೆರಿಗೆಯ ಲೆಕ್ಕ ಹೇಳುವ ಫಾರಂ 16 ಬರುತ್ತದೆ, ಅವನಿಗೆ ಏನೂ ಬರುವುದಿಲ್ಲ. ಮರ ಹತ್ತಿ ದುಡಿದದ್ದೆಲ್ಲ ಆ ತಿಂಗಳೇ ಅಂಗಡಿಗೆ ಹೋಗುತ್ತದೆ. ನೀನು ಸಂಬಳದಲ್ಲಿ ಒಂದು ಪಾಲು ಮ್ಯೂಚುವಲ್ ಫಂಡಿಗೆ ಹಾಕುತ್ತೀಯಲ್ಲ, ಆ ದುಡ್ಡಿನ ಮೇಲೆ ಅಂಗಡಿ ತೆರಿಗೆ ಬೀಳುವುದೇ ಇಲ್ಲ. ಗಳಿಕೆಗೆ ಹೋಲಿಸಿದರೆ ಖರ್ಚಿನ ತೆರಿಗೆ ಯಾರಿಗೆ ಜಾಸ್ತಿ ತಾಗುತ್ತದೆ, ನೀನೇ ಹೇಳು.

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಒಳಗೇ ಇಲ್ಲ. ಕೇಂದ್ರ ಅಬಕಾರಿ ಸುಂಕ ಹಾಕುತ್ತದೆ, ರಾಜ್ಯ ಮಾರಾಟ ತೆರಿಗೆ ಹಾಕುತ್ತದೆ. ಇದರಲ್ಲಿ ಪಕ್ಷಭೇದ ಇಲ್ಲ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಪೆಟ್ರೋಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲಿನದ್ದನ್ನು 14.34ರಿಂದ 18.44ಕ್ಕೆ ಏರಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಡೀಸೆಲಿಗೆ ಮತ್ತೆ ಏರಿಕೆ, 21.17. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವ ಮೀನಿನ ಗಾಡಿ ಕುಡಿಯುವುದು ಆ ಡೀಸೆಲನ್ನೇ. ನಾವು ಮೀನು ತಿನ್ನದಿದ್ದರೇನು, ತಿನ್ನುವವರ ಬುತ್ತಿಗೆ ಆ ತೆರಿಗೆ ಬಂದಿರುತ್ತದೆ. ಹೆಂಗಸರ ಬಸ್ಸನ್ನು ನೀನು ಬಿಟ್ಟಿ ಅನ್ನುತ್ತೀಯ. ಮೀನು ಬುಟ್ಟಿ ಹೊತ್ತು ಆ ಬಸ್ಸು ಹತ್ತುವವಳೂ ತೆರಿಗೆ ಕೊಟ್ಟವಳೇ.

ತೋಟದ ಮಾತು ಬಂದರೆ ಎರಡೂ ಕಡೆ ನೋಡು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಕ್ಕೆ ಶೇ 18 ಜಿಎಸ್‌ಟಿ. ನೋಂದಾಯಿತ ವ್ಯಾಪಾರಿ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಕಟ್ಟಬೇಕಾದುದರಲ್ಲಿ ಕಳೆದುಕೊಳ್ಳುತ್ತಾನೆ. ರೈತನಿಗೆ ಆ ದಾರಿ ಇಲ್ಲ, ಕೊಟ್ಟದ್ದು ಹೋಯಿತು. ಅರ್ಧ ಎಕರೆಯವನಿಗೆ ಇದು ಭಾರವೇ. ಆದರೆ ದೊಡ್ಡ ತೋಟದವರು ಕೃಷಿ ಆದಾಯ ಎಷ್ಟಿದ್ದರೂ ಕೇಂದ್ರಕ್ಕೆ ಅದರ ಮೇಲೆ ಆದಾಯ ತೆರಿಗೆ ಕೊಡಬೇಕಿಲ್ಲ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. (ಸೊಸೈಟಿ ಸಭೆಯಲ್ಲಿ ಹೇಳಿದರೆ ಮೈಮೇಲೆ ಬೀಳುತ್ತಾರೆ, ನೀನೂ ಹೇಳಬೇಡ.) ಅಪ್ಪನಿಂದ ಮಗನಿಗೆ ಬರುವ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ಹೋಯಿತು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ತೆಗೆದರು. ಇರುವವರ ಮೇಲಿನದ್ದು ಒಂದೊಂದಾಗಿ ಹೋಗುತ್ತದೆ, ಕೊಳ್ಳುವವರ ಮೇಲಿನದ್ದು ಉಳಿಯುತ್ತದೆ. ನೀನು ಗುಂಪಿನಲ್ಲಿ ಬರೆಯಬೇಕಾದ್ದು ಇದು.

ನಮ್ಮ ಜಿಲ್ಲೆಗೆ ತೆರಿಗೆಯ ಜಗಳ ಹೊಸತಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಉಪ್ಪು ಬಡವನಿಗೂ ಬೇಕು, ಸಾಹುಕಾರನಿಗೂ ಅಷ್ಟೇ ಬೇಕು. ಆ ತೆರಿಗೆ ಕೆರಳಿಸಿದ್ದು ಅದಕ್ಕೇ. ಆಮೇಲೆ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕಟ್ಟುವುದಿಲ್ಲ ಅಂತ ಕುಳಿತರು, ಭೂಮಿ ಜಪ್ತಿಯಾಯಿತು. ಅವರ ಜಗಳ ಸರ್ಕಾರದ ಜೊತೆ, ಪಕ್ಕದ ಮನೆಯವನ ಜೊತೆ ಅಲ್ಲ.

ನಿನಗೆ ನಾನು ಹೇಳುವುದು ಇಷ್ಟು. ಬಜೆಟ್ ಬಂದ ದಿನ ನಿನ್ನ ಸ್ಲ್ಯಾಬ್ ಒಂದನ್ನೇ ನೋಡಿ ಮುಚ್ಚಿಡಬೇಡ. ಯಾರಿಗೆ ಬಿಟ್ಟರು, ಯಾರಿಗೆ ಏರಿಸಿದರು, ತೆರಿಗೆಯ ಜೊತೆ ಬೇರೆಯಾಗಿ ಹೇರುವ ಸೆಸ್ಸು ಎಷ್ಟು ಅಂತಲೂ ನೋಡು. ಸೆಸ್ಸು, ಸರ್ಚಾರ್ಜಿನ ದುಡ್ಡಲ್ಲಿ ರಾಜ್ಯಗಳಿಗೆ ಪಾಲಿಲ್ಲ. ನೀನು ಆದಾಯ ತೆರಿಗೆಯ ಮೇಲೆ ಕಟ್ಟುವ ಶೇ 4ರ ಸೆಸ್ಸೂ ಹಾಗೇ. ವೋಟು ಕೇಳಲು ಬಂದವರನ್ನು ಇದನ್ನು ಕೇಳು. ಕೊನೆಗೌಡನನ್ನು ಬಿಟ್ಟುಬಿಡು.

ಮತ್ತೆ, ಎಚ್‌ಆರ್‌ಎಗೆ (ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ) ಬಾಡಿಗೆ ರಸೀದಿ ಬರೆದುಕೊಡಿ ಅಂತ ಕೇಳಿದ್ದೀಯಲ್ಲ, ಅದಕ್ಕೆ ನಾನು ಸಹಿ ಹಾಕುವುದಿಲ್ಲ. ನೀನು ಇರುವುದು ಸ್ವಂತ ಮನೆಯಲ್ಲಿ.

ಇತಿ,
ನಿನ್ನ ದೊಡ್ಡಪ್ಪ